ಪ್ಯಾಟರ್ನ್ ಮಿಸ್ತ್ರಿ ಕ್ಯಾಡ್ ಕಲಿತದ್ದು: ಒಂದು ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳ ಮಗ್ಗುಲಿಗೇ ಪ್ಯಾಟರ್ನ್ ಅಂಗಡಿಗಳಿವೆ. ಕರಗಿದ ಲೋಹ ಹೊಯ್ಯುವ ಮೊದಲು ಮರಳಿನಲ್ಲಿ ಕುಳಿ ಮೂಡಬೇಕು. ಆ ಕುಳಿ ಮೂಡಿಸುವ ಮರದ ಮಾದರಿಯೇ ಪ್ಯಾಟರ್ನ್. ಅಂಥ ಒಂದು ಅಂಗಡಿಯ ಯಜಮಾನರು ನಲವತ್ಮೂರನೆಯ ವಯಸ್ಸಿನಲ್ಲಿ ಕಂಪ್ಯೂಟರ್ ನಕ್ಷೆ, ಅಂದರೆ ಕ್ಯಾಡ್, ಕಲಿಯಲು ಹೊರಟು, ಎಲ್ಲಿ ಕಲಿಯಬೇಕೆಂದು ತಿಳಿಯದೆ ಸುಮಾರು ಐದು ತಿಂಗಳು ಅಲೆದರು. ಆ ಅಲೆದಾಟದ ಮೊದಲರ್ಧಕ್ಕೆ ನಾನೇ ಕಾರಣ ಎಂಬುದನ್ನು ಆರಂಭದಲ್ಲೇ ಒಪ್ಪಿಕೊಳ್ಳುತ್ತೇನೆ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸಿದವನು ನಾನು. ಅವರಿಗೆ ದಾರಿ ಹೇಳಿದವನೂ ನಾನೇ.

ಅವರ ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಅವರು ಇದನ್ನು ಓದಿಸಿ ಕೇಳಿಕೊಂಡು ಒಪ್ಪಿದ್ದಾರೆ. ಅಂಗಡಿಯ ಹುಡುಗರು ಕರೆಯುವಂತೆ ನಾನೂ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತೇನೆ.

ಕೈಯಲ್ಲಿ ಇದ್ದದ್ದು

ಮಿಸ್ತ್ರಿ ಐಟಿಐ ಮಾಡಿದವರು. ಇಪ್ಪತ್ತು ವರ್ಷದಿಂದ ಸಾಗುವಾನಿಯಲ್ಲಿ ಪಂಪಿನ ಕವಚ, ವಾಲ್ವ್ ಬಾಡಿ, ಗೇರ್‌ಬಾಕ್ಸ್ ಮುಚ್ಚಳ ಕೆತ್ತುತ್ತಿದ್ದಾರೆ. ಮೂರು ನೋಟದ ಕಾಗದದ ನಕ್ಷೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ವಸ್ತು ಅವರ ಕಣ್ಣೆದುರು ನಿಲ್ಲುತ್ತದೆ. ಎಂಜಿನಿಯರಿಂಗ್ ಮುಗಿಸಿ ಬಂದ ಎಷ್ಟೋ ಹುಡುಗರಿಗೆ ಈ ವಿದ್ಯೆ ಇಲ್ಲ.

ಅವರ ಮೇಜಿನ ಮೇಲೆ ಸದಾ ಇರುವ ಒಂದು ಉಕ್ಕಿನ ಪಟ್ಟಿಯ ವಿಷಯ ಹೇಳಲೇಬೇಕು, ಏಕೆಂದರೆ ಈ ಕತೆ ತಿರುಗಿದ್ದೇ ಅದರಿಂದ. ಅದು ಕಾಂಟ್ರಾಕ್ಷನ್ ಸ್ಕೇಲ್. ನೋಡುವುದಕ್ಕೆ ಮಾಮೂಲಿ ಅಳತೆಪಟ್ಟಿ. ಆದರೆ ಅದರಲ್ಲಿ 250 ಎಂದು ಬರೆದ ಗೆರೆ ನಿಜಕ್ಕೂ 252.5 ಮಿಲಿಮೀಟರ್ ದೂರದಲ್ಲಿರುತ್ತದೆ. ಬೀಡುಕಬ್ಬಿಣ ಗಟ್ಟಿಯಾಗಿ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಪಟ್ಟಿ ಮೊದಲೇ ನುಂಗಿಕೊಂಡಿರುತ್ತದೆ, ಮಿಸ್ತ್ರಿ ಲೆಕ್ಕ ಹಾಕುವ ಗೋಜಿಲ್ಲ. ಅಲ್ಯೂಮಿನಿಯಂ ಹೆಚ್ಚು ಕುಗ್ಗುತ್ತದೆ, ಉಕ್ಕು ಅದಕ್ಕಿಂತಲೂ ಹೆಚ್ಚು. ಅವಕ್ಕೆ ಬೇರೆ ಬೇರೆ ಪಟ್ಟಿಗಳು.

ಕಾಗದ ನಿಂತಿತು

2024ರ ಬೇಸಿಗೆಯ ಹೊತ್ತಿಗೆ ಅವರ ಇಬ್ಬರು ದೊಡ್ಡ ಗ್ರಾಹಕರು ಕಾಗದದ ನಕ್ಷೆ ಕಳಿಸುವುದನ್ನೇ ನಿಲ್ಲಿಸಿದರು. ಬರುತ್ತಿದ್ದದ್ದು ವಸ್ತುವಿನ ಮೂರು ಆಯಾಮದ ಆಕಾರ ಹೊತ್ತ ಸ್ಟೆಪ್ ಫೈಲ್, ಅದೂ ವಾಟ್ಸ್‌ಆ್ಯಪ್‌ನಲ್ಲಿ. ಮಿಸ್ತ್ರಿಗೆ ಅದು ತೆರೆಯುತ್ತಲೂ ಇರಲಿಲ್ಲ. ಪಕ್ಕದ ಬೀದಿಯ ವಿಎಂಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಅಂಗಡಿಯವರು ಅದೇ ಫೈಲನ್ನು ಯಂತ್ರಕ್ಕೆ ಹಾಕಿ ಪ್ಯಾಟರ್ನ್ ಕೊರೆದು ಕೊಡತೊಡಗಿದರು. ಅವರಿಗೆ ಎರಕದ ಜ್ಞಾನ ಇರಲಿಲ್ಲ. ಒಮ್ಮೆ ಕೊರೆದ ಪ್ಯಾಟರ್ನಿನ ಗೋಡೆಗಳಿಗೆ ಇಳಿಜಾರೇ ಇರದೆ, ಮರಳಿನಿಂದ ಎತ್ತುವಾಗ ಅಚ್ಚಿನ ಅಂಚು ಕುಸಿದು ಬಿತ್ತಂತೆ. ಗ್ರಾಹಕ ಮಿಸ್ತ್ರಿಯ ಹತ್ತಿರ ಓಡಿಬಂದ. ಇವರು ಉಳಿ, ಉಜ್ಜುಕಾಗದ ಹಿಡಿದು ಸರಿಮಾಡಿಕೊಟ್ಟರು. ಅದಕ್ಕೆ ಸಿಕ್ಕಿದ್ದು ರಿಪೇರಿಯ ಕೂಲಿ ಮಾತ್ರ.

ಅದಾದ ಮೇಲೆಯೇ ಅವರು ನನ್ನ ಮನೆಗೆ ಬಂದದ್ದು. ಮೊಬೈಲ್ ಮುಂದೆ ಹಿಡಿದು, "ಸರ್, ಇದರೊಳಗೆ ನನ್ನ ಕೆಲಸ ಇದೆಯಂತೆ. ಹೊರಗೆ ತೆಗೆಯುವುದನ್ನು ಎಲ್ಲಿ ಕಲಿಸುತ್ತಾರೆ?" ಎಂದರು.

ಮೊದಲು ಮಾಡಿದ ತಪ್ಪುಗಳು

ನಾನು ಹಿಂದೆಮುಂದೆ ನೋಡದೆ ಎರಡು ಸಲಹೆ ಕೊಟ್ಟೆ. ಊರಿನ ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ಸೇರಿ ಎಂದೆ. ಬಿಡುವಿನಲ್ಲಿ ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನ ಉಪನ್ಯಾಸ ನೋಡಿ ಎಂದೆ. ಎರಡನೆಯದು ನನ್ನ ಅಪ್ಪಟ ಮೇಷ್ಟರ ಬುದ್ಧಿ. ಆ ಉಪನ್ಯಾಸಗಳು ಉತ್ತಮವೇ. ಆದರೆ ಅಲ್ಲಿ ಕ್ಯಾಡ್ ಎಂದರೆ ವಕ್ರರೇಖೆಗಳ ಗಣಿತ, ಮೇಲ್ಮೈಗಳ ಸಮೀಕರಣ, ಮ್ಯಾಟ್ರಿಕ್ಸ್. ಅಂದರೆ ತಂತ್ರಾಂಶ ಕಟ್ಟುವವನಿಗೆ ಬೇಕಾದದ್ದು, ಬಳಸುವವನಿಗಲ್ಲ. ಮಿಸ್ತ್ರಿ ನಿಷ್ಠೆಯಿಂದ ಎರಡು ಉಪನ್ಯಾಸ ನೋಡಿ ಬಂದು, "ಸರ್, ಮ್ಯಾಟ್ರಿಕ್ಸ್ ಎಂಬುದು ಕೋರ್ ಬಾಕ್ಸಿನಲ್ಲಿ ಎಲ್ಲಿ ಬರುತ್ತದೆ?" ಎಂದು ಕೇಳಿದರು. ಎರಕದ ಒಳಟೊಳ್ಳಿಗೆಂದು ಇಡುವ ಮರಳಿನ ಗಟ್ಟಿಯೇ ಕೋರ್, ಅದನ್ನು ಮಾಡುವ ಅಚ್ಚು ಕೋರ್ ಬಾಕ್ಸ್. ಗೇಲಿ ಮಾಡುತ್ತಿರಲಿಲ್ಲ, ನಿಜವಾಗಿಯೇ ಕೇಳಿದ್ದರು.

ತರಬೇತಿ ಕೇಂದ್ರದಲ್ಲಿ ಎರಡು ತಿಂಗಳ ಸಾಲಿಡ್‌ವರ್ಕ್ಸ್ ಎಂಬ ಕ್ಯಾಡ್ ತಂತ್ರಾಂಶದ ಪಾಠ. ಸಂಜೆ ಆರರಿಂದ ಎಂಟು, ಶುಲ್ಕ ಮುಂಗಡ. ಪಕ್ಕದಲ್ಲಿ ಕೂತ ಹುಡುಗರಿಗೆಲ್ಲ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸು. ಕಲಿಸುವವರು ಅಳತೆ ಓದುತ್ತ ಹೋಗುವುದು, ಹುಡುಗರು ಗುಂಡಿ ಒತ್ತುತ್ತ ಹೋಗುವುದು. ಯಾವ ಐಕಾನ್ ಎಲ್ಲಿದೆ ಎಂಬುದಷ್ಟೇ ಪಾಠ. ಮೂರನೆಯ ವಾರ ಕೊಟ್ಟ ಅಭ್ಯಾಸದ ಹಾಳೆಯಲ್ಲಿ ಒಂದು ಎರಕದ ಬ್ರಾಕೆಟ್ ಇತ್ತು. ಮಿಸ್ತ್ರಿ ಅದನ್ನು ಬರೆಯದೆ ಕೂತರು. ಏಕೆ ಎಂದು ಕೇಳಿದರೆ, ಇದನ್ನು ಎರಕ ಹೊಯ್ಯಲು ಆಗುವುದಿಲ್ಲ, ಈ ಬದಿಯ ಉಬ್ಬು ಮರಳಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲಿ ಬಿಡಿ ತುಂಡು ಇಡಬೇಕು ಎಂದರು. "ಅದೆಲ್ಲ ಸಿಲೆಬಸ್‌ನಲ್ಲಿ ಇಲ್ಲ" ಎಂಬ ಉತ್ತರ ಬಂತು. ಆ ವಾರವೇ ಅವರು ಹೋಗುವುದನ್ನು ಬಿಟ್ಟರು. ಹಣ ವಾಪಸ್ ಬರಲಿಲ್ಲ.

ಆ ಕೇಂದ್ರವನ್ನು ನಾನು ಪೂರ್ತಿ ದೂರುವುದಿಲ್ಲ. ಕೆಲಸದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿಕೊಳ್ಳಬೇಕಾದ ಹುಡುಗನಿಗೆ ಅಲ್ಲಿ ಸಿಗುವುದು ಸಾಕಾಗಬಹುದು. ಮಿಸ್ತ್ರಿಗೆ ಪ್ರಮಾಣಪತ್ರ ಬೇಕಿರಲಿಲ್ಲ.

ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರವನ್ನೂ ವಿಚಾರಿಸಿದೆವು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿಗೆ ಬೆಳಗಾವಿಯಲ್ಲೂ ಶಾಖೆ ಇದೆ. ಯಂತ್ರದ ಮುಂದೆ ನಿಲ್ಲಿಸಿ ಕಲಿಸುವ ಸಂಸ್ಥೆ ಅದು. ಮಗನನ್ನು ಕಳಿಸುವುದಾದರೆ ಕಣ್ಣುಮುಚ್ಚಿ ಕಳಿಸಿ ಎಂದು ಯಾರಿಗಾದರೂ ಹೇಳುತ್ತೇನೆ. ಆದರೆ ಮಿಸ್ತ್ರಿ ಹಗಲು ಅಂಗಡಿ ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಅಂಗಡಿಯಲ್ಲಿದ್ದವರು ಮೂರೇ ಜನ.

ಇಷ್ಟರಲ್ಲಿ ಅಣ್ಣನ ಮಗ ಒಂದು ಪೆನ್‌ಡ್ರೈವ್ ತಂದುಕೊಟ್ಟ. "ಕಾಕಾ, ಲಕ್ಷಗಟ್ಟಲೆ ಬೆಲೆಯ ಸಾಫ್ಟ್‌ವೇರ್ ಇದರಲ್ಲಿ ಪುಕ್ಕಟೆ ಇದೆ" ಎಂದನಂತೆ. ಕದ್ದ ಪ್ರತಿ. ನಾನು ಬೇಡ ಎಂದೆ. ಇಂಥ ಪ್ರತಿಗಳು ಇಂಟರ್ನೆಟ್ ಸಿಕ್ಕಿದ ಕೂಡಲೇ ಕಂಪನಿಗೆ ಸುಳಿವು ಕೊಡುವುದುಂಟು, ಸಣ್ಣ ಕಾರ್ಖಾನೆಗಳಿಗೆ ವಕೀಲರ ಪತ್ರ ಬರುವುದೂ ಉಂಟು. ವಿದ್ಯಾರ್ಥಿಗಳಿಗೆಂದು ಉಚಿತವಾಗಿ ಕೊಡುವ ಪರವಾನಗಿಯಲ್ಲಿ ಕೂಲಿ ಕೆಲಸ ಮಾಡುವುದೂ ನಿಯಮಕ್ಕೆ ವಿರುದ್ಧ. ಮಿಸ್ತ್ರಿ ಒಂದು ದಿನ ಯೋಚಿಸಿ ಪೆನ್‌ಡ್ರೈವ್ ಹಿಂದಿರುಗಿಸಿದರು.

ಆಗ ಒಂದು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿಕೊಂಡೆವು: ಗ್ರಾಹಕ ಬಳಸುವ ತಂತ್ರಾಂಶವನ್ನೇ ನಾವೂ ಬಳಸಬೇಕೇ? ಬೇಕಿಲ್ಲ. ಸ್ಟೆಪ್ ಎಂಬುದು ಐಎಸ್‌ಒ 10303 ಎಂಬ ಅಂತರರಾಷ್ಟ್ರೀಯ ಮಾನಕ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಆಕಾರ ಸಾಗಿಸಲೆಂದೇ ಹುಟ್ಟಿದ್ದು. ಅದರಲ್ಲಿ ಬರುವುದು ಆಕಾರ ಮಾತ್ರ, ಅದನ್ನು ಯಾವ ಹೆಜ್ಜೆಗಳಲ್ಲಿ ಬರೆದರು ಎಂಬ ಚರಿತ್ರೆ ಬರುವುದಿಲ್ಲ. ಮಿಸ್ತ್ರಿಗೆ ಆ ಚರಿತ್ರೆ ಬೇಕಾಗಿಯೂ ಇರಲಿಲ್ಲ. ಹೀಗೆ ಫ್ರೀಕ್ಯಾಡ್‌ಗೆ ಬಂದೆವು. ಮುಕ್ತ ತಂತ್ರಾಂಶ, ಹಣ ಗಳಿಸುವ ಕೆಲಸಕ್ಕೂ ಅಡ್ಡಿಯಿಲ್ಲ. ಹಳೆಯ ಡೆಸ್ಕ್‌ಟಾಪ್ ಒಂದು ಸಿಕ್ಕಿತು.

ಹುಡುಕುವ ಮಾತು

ಇನ್ನು ಕಲಿಯಲು ಉಳಿದದ್ದು ಯೂಟ್ಯೂಬ್. ಇಲ್ಲಿ ಅವರು ಸಿಕ್ಕಿಬಿದ್ದ ಬಗೆ ನನಗೆ ಹೊಸದು.

ಅವರು ಪ್ಯಾಟರ್ನ್ ಮೇಕಿಂಗ್ ಎಂದು ಹುಡುಕಿದರು. ರವಿಕೆ, ಅಂಗಿ ಕತ್ತರಿಸುವ ವಿಡಿಯೊಗಳು ಸಾಲಾಗಿ ಬಂದವು; ದರ್ಜಿಗಳ ಭಾಷೆಯಲ್ಲೂ ಅದು ಪ್ಯಾಟರ್ನೇ. ಮುಂದೆ ಕ್ಯಾಡ್ ಎಂದು ಸೇರಿಸಿದರು. ಆಗ ಒಂದು ರಂಧ್ರವನ್ನು ಸಾಲಾಗಿ ಇಲ್ಲವೇ ವೃತ್ತಾಕಾರವಾಗಿ ಆರೆಂಟು ಸಲ ನಕಲಿಸುವುದನ್ನು ತೋರಿಸುವ ವಿಡಿಯೊಗಳು ಬಂದವು. ತಂತ್ರಾಂಶದಲ್ಲಿ ಲೀನಿಯರ್ ಪ್ಯಾಟರ್ನ್, ಪೋಲಾರ್ ಪ್ಯಾಟರ್ನ್ ಎಂದರೆ ಅದು. ಡ್ರಾಫ್ಟ್ ಎಂದು ಹುಡುಕಿದರು. ಅವರ ಪಾಲಿಗೆ ಡ್ರಾಫ್ಟ್ ಎಂದರೆ ಪ್ಯಾಟರ್ನ್ ಮರಳಿನಿಂದ ಸಲೀಸಾಗಿ ಮೇಲೆ ಬರಲೆಂದು ಗೋಡೆಗೆ ಕೊಡುವ ಇಳಿಜಾರು. ಫ್ರೀಕ್ಯಾಡ್‌ನಲ್ಲಿ ಆ ಹೆಸರಿನ ಒಂದು ಇಡೀ ವಿಭಾಗವೇ ಇದೆ, ಅಲ್ಲಿ ಸಮತಲದ ಗೆರೆ ಎಳೆಯುತ್ತಾರೆ. ಇಳಿಜಾರು ಕೊಡುವ ಡ್ರಾಫ್ಟ್ ಬೇರೊಂದು ವಿಭಾಗದೊಳಗೆ, ಪಾರ್ಟ್ ಡಿಸೈನ್‌ನಲ್ಲಿ, ಒಂದು ಪುಟ್ಟ ಐಕಾನ್ ಆಗಿ ಕೂತಿದೆ. ಸ್ಕೇಲ್ ಎಂದರೆ ಅವರಿಗೆ ಪಟ್ಟಿ, ತಂತ್ರಾಂಶಕ್ಕೆ ಹಿಗ್ಗಿಸುವ ಕುಗ್ಗಿಸುವ ಕ್ರಿಯೆ.

ಇಪ್ಪತ್ತು ವರ್ಷ ಆಡಿದ ಮಾತುಗಳೇ ಅವರಿಗೆ ಅಡ್ಡ ನಿಂತಿದ್ದವು. ಏನೂ ಗೊತ್ತಿಲ್ಲದ ಹುಡುಗನಿಗೆ ಈ ತೊಡಕಿಲ್ಲ, ಯಾವ ಶಬ್ದ ಕೊಟ್ಟರೂ ಅವನು ಹಾಗೆಯೇ ನುಂಗುತ್ತಾನೆ.

ಒಂದು ಭಾನುವಾರ ಮಧ್ಯಾಹ್ನ ಅವರ ಅಂಗಡಿಯಲ್ಲಿ ಕೂತು ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಎಳೆದೆವು. ಎಡಕ್ಕೆ ಅಂಗಡಿಯ ಮಾತು, ಬಲಕ್ಕೆ ಪರದೆಯ ಮಾತು. ಬಾಸ್ (ಮೇಲೆದ್ದ ಉಬ್ಬು) ಎಂಬುದಕ್ಕೆ ಎದುರಾಗಿ ಪ್ಯಾಡ್. ಕೋರ್ ಬಾಕ್ಸ್‌ಗೆ ಅಲ್ಲಿ ಹೆಸರೇ ಇಲ್ಲ. ಒಂದು ದಿಮ್ಮಿಯಿಂದ ಕೋರ್‌ನ ಆಕಾರವನ್ನು ಕಳೆದರೆ ಉಳಿಯುವುದೇ ಕೋರ್ ಬಾಕ್ಸ್, ಹಾಗಾಗಿ ಕಟ್ ಎಂದು ಬರೆದೆವು. ಅಚ್ಚು ಎರಡಾಗುವ ಗೆರೆಯಾದ ಪಾರ್ಟಿಂಗ್ ಲೈನ್‌ಗೆ ಒಂದು ಸಮತಲ ಇಟ್ಟು ಸ್ಲೈಸ್ ಮಾಡುವುದು. ಮೂಲೆಯನ್ನು ದುಂಡಾಗಿಸುವ ಫಿಲೆಟ್ ಮಾತ್ರ ಎರಡೂ ಕಡೆ ಫಿಲೆಟ್. ಅದನ್ನು ಕಂಡು ಮಿಸ್ತ್ರಿಗೆ ಊರಿನವರು ಸಿಕ್ಕಷ್ಟು ಖುಷಿಯಾಯಿತು.

ನೋಟುಬುಕ್ಕಿನ ಬಲಬದಿಯ ಶಬ್ದಗಳನ್ನು ಹಾಕಿ, ಜೊತೆಗೆ ಎರಕ, ಕುಗ್ಗುವಿಕೆ, ಇಳಿಜಾರಿನ ಕೋನ ಎಂಬುದರ ಇಂಗ್ಲಿಷ್ ಪದ ಸೇರಿಸಿ ಹುಡುಕಿದಾಗ ಬೇರೆಯೇ ಲೋಕ ತೆರೆಯಿತು. ಹಿತ್ತಲಲ್ಲಿ ಪುಟ್ಟ ಕುಲುಮೆ ಇಟ್ಟುಕೊಂಡು ಅಲ್ಯೂಮಿನಿಯಂ ಹೊಯ್ಯುವ ಹವ್ಯಾಸಿಗಳ ವಿಡಿಯೊಗಳು ಅವು. ಪ್ಯಾಟರ್ನನ್ನು ಕ್ಯಾಡ್‌ನಲ್ಲಿ ಬರೆದು ತ್ರೀಡಿ ಮುದ್ರಣ ಮಾಡಿ ಮರಳಿನಲ್ಲಿ ಹೂಳುತ್ತಾರೆ. ಮಾತು ಇಂಗ್ಲಿಷ್, ಮಿಸ್ತ್ರಿಗೆ ಅದು ಅರ್ಧಂಬರ್ಧ. ಆದರೆ ಆ ಕೈಗಳು ಏನು ಮಾಡುತ್ತಿವೆ ಎಂಬುದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ತಂತ್ರಾಂಶದ ಸಾಮಾನ್ಯ ಪಾಠಗಳನ್ನು ಹಿಂದಿಯಲ್ಲಿ ನೋಡಿದರು.

ನೋಡುವ ವಿಧಾನವನ್ನು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಿಂದ ಎರವಲು ತಂದೆವು. ಕನ್ನಡವೂ ಸೇರಿದಂತೆ ಭಾರತದ ಭಾಷೆಗಳಲ್ಲಿ ಮುಕ್ತ ತಂತ್ರಾಂಶ ಕಲಿಸುವ ಅವರ ಪದ್ಧತಿ ಹೀಗೆ: ಪರದೆಯ ಒಂದು ಪಕ್ಕದಲ್ಲಿ ವಿಡಿಯೊ, ಇನ್ನೊಂದು ಪಕ್ಕದಲ್ಲಿ ತಂತ್ರಾಂಶ. ಸ್ವಲ್ಪ ನೋಡು, ನಿಲ್ಲಿಸು, ಮಾಡು. ಪೂರ್ತಿ ನೋಡಿ ಆಮೇಲೆ ಮಾಡುತ್ತೇನೆ ಎಂದವನು ಮಾಡುವುದಿಲ್ಲ; ಇದು ನನ್ನ ಸ್ವಂತ ಅನುಭವವೂ ಹೌದು.

ಎರಡು ಸಣ್ಣ ಸಂಗತಿ. ಮೊದಲು ಅವರು ಅಣ್ಣನ ಮಗನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆ ಬೆರಳಾಡಿಸುತ್ತ ವಸ್ತುವನ್ನು ತಿರುಗಿಸಲಾಗದೆ ಒದ್ದಾಡುತ್ತಿದ್ದರು. ಗಾಲಿ ಇರುವ ಮಾಮೂಲಿ ಮೌಸ್ ಕೊಂಡ ದಿನ ಆ ಒದ್ದಾಟ ಮುಗಿಯಿತು. ಇನ್ನೊಂದು, ವಿಡಿಯೊ ಯಾವ ಆವೃತ್ತಿಯದು ಎಂದು ನೋಡದೆ ಆರಂಭಿಸಬಾರದು. ಅವರು ಕಲಿಯಲು ತೊಡಗಿದಾಗ ಇದ್ದದ್ದು 0.21ನೇ ಆವೃತ್ತಿ, ವಿಡಿಯೊಗಳಲ್ಲಿ ಅದಕ್ಕೂ ಹಳೆಯವು, ಮೆನುಗಳೇ ಬೇರೆ. ಸಾಲದ್ದಕ್ಕೆ ಮೊದಲ ಸ್ಕೆಚ್ಚಿನಲ್ಲಿ ಒಂದು ಗೆರೆ ಬದಲಿಸಿದರೆ ಮುಖಗಳ ಕ್ರಮಸಂಖ್ಯೆ ಅದಲುಬದಲಾಗಿ ಹಿಂದೆ ಕೊಟ್ಟ ಫಿಲೆಟ್‌ಗಳೆಲ್ಲ ಮುರಿದು ಬೀಳುತ್ತಿದ್ದವು. ತಾನೇ ತಪ್ಪು ಮಾಡುತ್ತಿದ್ದೇನೆ ಎಂದು ಮಿಸ್ತ್ರಿ ವಾರಗಟ್ಟಲೆ ನೊಂದರು. ಅದು ತಂತ್ರಾಂಶದ ಬಹುಕಾಲದ ದೋಷ; 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಬಹುಮಟ್ಟಿಗೆ ಹತೋಟಿಗೆ ಬಂತು.

ಎರಡೂವರೆ ಮಿಲಿಮೀಟರ್

ಅಭ್ಯಾಸಕ್ಕೆ ಪುಸ್ತಕದ ಹಾಳೆಗಳನ್ನು ಪೂರ್ತಿ ಬಿಟ್ಟೆವು. ಕಪಾಟಿನ ಮೇಲೆ ಅವರೇ ಹಿಂದೆ ಮಾಡಿದ ಪ್ಯಾಟರ್ನ್‌ಗಳಿದ್ದವು. ಒಂದೊಂದನ್ನೇ ಇಳಿಸಿ ತಂತ್ರಾಂಶದಲ್ಲಿ ಮತ್ತೆ ಕಟ್ಟುವುದು, ವಾರಕ್ಕೊಂದು. ಈ ಮೊದಲು ಒಂದು ಬಾರಿಯೂ ಸರಿಯಾದ ದಾರಿ ತೋರದ ನಾನು ಕೊಟ್ಟ ಒಂದೇ ಒಳ್ಳೆಯ ಸಲಹೆ ಇದು.

ನಾಲ್ಕನೆಯದು ಒಂದು ದುಂಡು ಮುಚ್ಚಳ, ಎರಕವಾದ ಮೇಲೆ ಹೊರವ್ಯಾಸ 250 ಮಿಲಿಮೀಟರ್ ಇರಬೇಕಾದದ್ದು. ಮಿಸ್ತ್ರಿ ಬರೆದರು, ಸ್ಕೆಚ್ಚಿನ ಗೆರೆಗಳೆಲ್ಲ ಹಸಿರಾದವು. ಫ್ರೀಕ್ಯಾಡ್‌ನಲ್ಲಿ ಹಸಿರು ಬಂತೆಂದರೆ ಯಾವ ಅಳತೆಯೂ ಬಾಕಿ ಉಳಿದಿಲ್ಲ ಎಂದರ್ಥ. ಕೊನೆಗೆ 1.01ರಿಂದ ಹಿಗ್ಗಿಸಿದರು. ಎ3 ಹಾಳೆಯಲ್ಲಿ ಒಂದಕ್ಕೊಂದು ಅಳತೆಯಲ್ಲಿ ಮುದ್ರಿಸಿ ಹಳೆಯ ಪ್ಯಾಟರ್ನ್ ಮೇಲೆ ಇಟ್ಟರು. ಕಾಗದದ ವೃತ್ತ ಚಿಕ್ಕದಿತ್ತು! ಸ್ವಲ್ಪ ಹುಡುಕಿದ ಮೇಲೆ ಗೊತ್ತಾಯಿತು, ಪ್ರಿಂಟರ್ ಅಂಚು ಬಿಡಲೆಂದು ಚಿತ್ರವನ್ನು ತಾನಾಗಿಯೇ ಕುಗ್ಗಿಸಿತ್ತು. ಆ ಆಯ್ಕೆ ತೆಗೆದು ನೂರಕ್ಕೆ ನೂರು ಎಂದು ಮುದ್ರಿಸಿದರು. ಈಗ ವೃತ್ತ ದೊಡ್ಡದಾಯಿತು. ಸುತ್ತಲೂ ಸುಮಾರು ಒಂದೂಕಾಲು ಮಿಲಿಮೀಟರ್ ಕಾಗದ ಹೊರಗೆ ಇಣುಕುತ್ತಿತ್ತು. ಅಂದರೆ ವ್ಯಾಸದಲ್ಲಿ ಎರಡೂವರೆ.

ಫೋನ್ ಬಂತು, ನಾನು ಹೋದೆ. ತಂತ್ರಾಂಶವನ್ನೇ ಬೈಯುತ್ತಿದ್ದರು. ಮೇಜಿನ ಮೇಲೆ ನಿಜವಾದ ಮಿಲಿಮೀಟರ್ ತೋರಿಸುವ ಅಳತೆಯ ಸಾಧನ ವರ್ನಿಯರ್ ಇತ್ತು. ಪ್ಯಾಟರ್ನ್‌ನ ಅಳತೆ ಯಾವುದರಿಂದ ತೆಗೆದಿರಿ ಎಂದು ಕೇಳಿದೆ. "ವರ್ನಿಯರ್‌ನಿಂದ ಸರ್, ವಿಡಿಯೊದಲ್ಲಿ ಹಾಗೆಯೇ ತೋರಿಸಿದರು" ಎಂದವರು ಅಲ್ಲಿಗೇ ನಿಂತರು. ಕೈ ತಾನಾಗಿ ಕಾಂಟ್ರಾಕ್ಷನ್ ಸ್ಕೇಲ್ ಕಡೆಗೆ ಹೋಯಿತು. ಪ್ಯಾಟರ್ನ್ ಮೇಲಿಟ್ಟರೆ ಅದು 250 ತೋರಿಸಿತು, ವರ್ನಿಯರ್ 252.5. ಮರದಲ್ಲಿ ಕುಗ್ಗುವಿಕೆಯ ಪಾಲು ಇಪ್ಪತ್ತು ವರ್ಷದ ಅಭ್ಯಾಸದಿಂದ ಮೊದಲೇ ಸೇರಿತ್ತು. ಅದರ ಮೇಲೆ ತಂತ್ರಾಂಶ ಇನ್ನೊಂದು ಸಲ ಸೇರಿಸಿ 255 ಮಾಡಿತ್ತು.

ಯಾರೋ ಯಂತ್ರದ ಭಾಗವೊಂದನ್ನು ವರ್ನಿಯರ್ ಹಿಡಿದು ಅಳೆದು ತೋರಿಸಿದ ವಿಡಿಯೊ ನೋಡಿ, ತನ್ನ ಸ್ವಂತ ಪ್ಯಾಟರ್ನ್ ಅಳೆಯುವಾಗ ತನ್ನ ಸ್ವಂತ ಪಟ್ಟಿಯನ್ನು ಅವರು ಬದಿಗಿಟ್ಟಿದ್ದರು. ಪರದೆಯ ಮುಂದೆ ಕೂತ ಕೂಡಲೇ ತನಗೇನೂ ತಿಳಿಯದು ಎಂಬ ಭಾವ. ಆವತ್ತು ಎಡಬದಿಯ ಅಂಕಣದ ಮೇಲೆ ಅವರು ಕೆಂಪು ಶಾಯಿಯಲ್ಲಿ ಬರೆದುಕೊಂಡರು: "ಮೊದಲು ಇದನ್ನು ಓದು."

ಆಮೇಲೆ ಕಲಿಕೆಯ ವೇಗವೇ ಬದಲಾಯಿತು. ಗ್ರಾಹಕರ ಸ್ಟೆಪ್ ಫೈಲಿನಲ್ಲಿ ಮೂಲೆಗಳಿಗೆಲ್ಲ ಫಿಲೆಟ್ ಮೊದಲೇ ಇರುವುದರಿಂದ ಗೋಡೆಗೆ ಇಳಿಜಾರು ಕೊಡಲು ಹೋದರೆ ಡ್ರಾಫ್ಟ್ ಆದೇಶ ಕೈಕೊಡುತ್ತದೆ. ಇದಕ್ಕೆ ಉತ್ತರವನ್ನು ಯಾವ ವಿಡಿಯೊವೂ ಹೇಳಿಕೊಡಲಿಲ್ಲ. "ಮರದಲ್ಲಿ ನಾನು ಮೊದಲು ಇಳಿಜಾರು ಕೊಟ್ಟು, ಮೂಲೆಗೆ ಮೇಣ ತುಂಬುವುದು ಕೊನೆಗೆ" ಎಂದರು ಮಿಸ್ತ್ರಿ. ಹಾಗಾದರೆ ಫಿಲೆಟ್ ಅಳಿಸುವ ಆದೇಶ ಇರಲೇಬೇಕು ಎಂದು ಹುಡುಕಿದರು. ಡಿಫೀಚರಿಂಗ್ ಎಂಬ ಹೆಸರಿನಲ್ಲಿ ಸಿಕ್ಕಿತು. ಈಗ ಅವರ ಕ್ರಮ ಇದು: ಫಿಲೆಟ್ ತೆಗೆ, ಯಂತ್ರದಲ್ಲಿ ಕೊರೆಯುವ ಸಣ್ಣ ರಂಧ್ರ ಮುಚ್ಚು, ಹೆರೆಯುವ ಮುಖಕ್ಕೆ ದಪ್ಪ ಸೇರಿಸು, ಇಳಿಜಾರು ಕೊಡು, ಫಿಲೆಟ್ ಮರಳಿಸು, ಕೊನೆಗೊಂದೇ ಸಲ 1.01.

ಈಗ ಇರುವುದು

ಕಲಿಯಲು ಕುಳಿತ ಎಂಟನೆಯ ತಿಂಗಳಿಗೆ ಮೊದಲ ಕೂಲಿ ಫೈಲ್ ಅಂಗಡಿಯಿಂದ ಹೊರಗೆ ಹೋಯಿತು. ಮಜಾ ಎಂದರೆ ಕೊಂಡವರು ಅದೇ ಪಕ್ಕದ ಬೀದಿಯ ವಿಎಂಸಿ ಅಂಗಡಿಯವರು. ಗ್ರಾಹಕರ ಫೈಲನ್ನು ಅವರು ಮಿಸ್ತ್ರಿಗೆ ಕೊಡುತ್ತಾರೆ, ಮಿಸ್ತ್ರಿ ಎರಕಕ್ಕೆ ಸಿದ್ಧಮಾಡಿ ಮರಳಿಸುತ್ತಾರೆ, ಅವರು ಕೊರೆಯುತ್ತಾರೆ. ಮಿಸ್ತ್ರಿಗೆ ಬರುವ ಹಣ ಮರದ ಕೆಲಸಕ್ಕಿಂತ ಕಡಿಮೆ, ತಗಲುವ ಹೊತ್ತೂ ಕಡಿಮೆ. ಇದರಿಂದ ಅಂಗಡಿ ಉದ್ಧಾರವಾಯಿತು ಎಂದು ನಾನು ಹೇಳಲಾರೆ. ಹೋಗುತ್ತಿದ್ದ ಒಬ್ಬ ಗ್ರಾಹಕ ಉಳಿದ, ಇನ್ನೊಬ್ಬ ಹೋಗಿಯೇಬಿಟ್ಟ.

ಈ ಪ್ರಕರಣದ ನಂತರ ನನ್ನ ಹತ್ತಿರ ಬರುವವರನ್ನು ಯಾವ ಸಾಫ್ಟ್‌ವೇರ್ ಕಲಿಯಬೇಕೆಂದು ಕೇಳುವುದನ್ನು ನಿಲ್ಲಿಸಿದ್ದೇನೆ. ಕಳೆದ ತಿಂಗಳು ಕೈಯಿಂದ ಯಾವ ವಸ್ತು ಮಾಡಿದಿರಿ, ಅದನ್ನು ತನ್ನಿ ಎನ್ನುತ್ತೇನೆ. ಶೀಟ್ ಮೆಟಲ್ ಬಡಿಯುವವರೊಬ್ಬರು ತಂದದ್ದು ಅಕ್ಕಿ ಗಿರಣಿಯ ಹಾಪರ್. ಹುಡುಕಬೇಕಾದ ಶಬ್ದಗಳು ಅದರ ಮಡಿಕೆಗಳಲ್ಲೇ ಸಿಕ್ಕವು. ಇನ್ನೂ ಏನೂ ಮಾಡದ ವಿದ್ಯಾರ್ಥಿಗಳಿಗೆ ಈ ದಾರಿ ನಡೆಯುವುದಿಲ್ಲ, ಅವರಿಗೆ ತರಗತಿಯೇ ಸರಿ.

ಮಿಸ್ತ್ರಿಗೆ ಇನ್ನೂ ದಕ್ಕದ್ದು ಪಂಪಿನ ವಾಲ್ಯೂಟ್ ಕವಚ. ಬಸವನಹುಳುವಿನಂತೆ ಸುತ್ತುತ್ತ ಹಿಗ್ಗುವ ಅದರ ಒಳಹೊಟ್ಟೆಯನ್ನು ಪರದೆಯಲ್ಲಿ ಮೂರು ಸಲ ಕಟ್ಟಿ ಮೂರು ಸಲ ಅಳಿಸಿದ್ದಾರೆ. ಕಳೆದ ವಾರ ಹೋದಾಗ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿತ್ತು. ಅವರು ಬಾಗಿಲ ಬೆಳಕಿಗೆ ಕೂತು ಗೋಜ್ ಉಳಿಯಲ್ಲಿ ವಾಲ್ಯೂಟ್‌ನ ಅರ್ಧ ಕೋರ್ ಬಾಕ್ಸ್ ಕೆತ್ತುತ್ತಿದ್ದರು. ಬದಿಯಲ್ಲಿ ಅಡ್ಡಕೊಯ್ತದ ಹಲಗೆಗಳು, ಒಂದರಿಂದ ಎಂಟರವರೆಗೆ ಸೀಸದ ಕಡ್ಡಿಯಲ್ಲಿ ಬರೆದ ಅಂಕಿ. "ಈ ಎಂಟನ್ನೂ ಅಲ್ಲಿ ಬರೆದು ಒಂದರಿಂದ ಒಂದಕ್ಕೆ ಚರ್ಮ ಹೊದಿಸುವ ಆದೇಶ ಇರಬೇಕಲ್ಲ ಸರ್?" ಎಂದು ತಲೆಯೆತ್ತದೆ ಕೇಳಿದರು. ಲಾಫ್ಟ್ ಎನ್ನುತ್ತಾರೆ ಎಂದೆ. ಕೈ ಒರೆಸಿಕೊಂಡು ನೋಟುಬುಕ್ ತೆಗೆದರು.